ಅಟ್ಟದಲ್ಲಿ ನಾನೂರು ಕಾರು: ಸಾಲದ ನಡುವೆ ಆಟಿಕೆ ಕೊಳ್ಳುತ್ತಿದ್ದವರ ಒಂದು ಪ್ರಕರಣ

ಬ್ಯಾಂಕ್ ಕೆಲಸದಿಂದ ನಿವೃತ್ತನಾದ ಮೇಲೆ, ಸಾಲದಲ್ಲಿ ಸಿಕ್ಕಿಕೊಂಡವರ ಜೊತೆ ಕೂತು ಲೆಕ್ಕ ಬಿಡಿಸುವ ಕೆಲಸ ಮಾಡುತ್ತಿದ್ದೇನೆ. ಶಿವಮೊಗ್ಗದ ಸುತ್ತಮುತ್ತಲಿಂದ ಬರುವವರ ಸಾಲಕ್ಕೆ ಕಾರಣ ಹೆಚ್ಚಾಗಿ ಮದುವೆ, ಮನೆ, ಆಸ್ಪತ್ರೆ, ಇಲ್ಲವೇ ತೋಟ. ಈ ಪ್ರಕರಣದಲ್ಲಿ ಕಾರಣ ಆಟಿಕೆ ಕಾರು ಮತ್ತು ಬಸ್ಸು. ಸಾಲ ಮಾಡಿದವರ ಮತ್ತು ಅವರ ಹೆಂಡತಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಊರು, ಕೆಲಸದ ವಿವರ ಸ್ವಲ್ಪ ಬದಲಿಸಿದ್ದೇನೆ.

ಅವರಿಗೆ 38 ವರ್ಷ. ಊರು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಅಪ್ಪನಿಗೆ ಎರಡು ಎಕರೆ ಅಡಿಕೆ ತೋಟ. ಇವರು ಶಿವಮೊಗ್ಗದಲ್ಲಿ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯೊಂದರಲ್ಲಿ ಲೆಕ್ಕ ನೋಡಿಕೊಳ್ಳುತ್ತಾರೆ. ಮಾಲೀಕರ ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚುಕಮ್ಮಿ ಆಗಲು ಬಿಡದ ಮನುಷ್ಯ. ಹೆಂಡತಿ ಖಾಸಗಿ ಶಾಲೆಯಲ್ಲಿ ಟೀಚರ್. ಎಂಟು ವರ್ಷದ ಮಗಳು. ವಿನೋಬನಗರದಲ್ಲಿ ಬಾಡಿಗೆ ಮನೆ. ಕುಡಿತ ಇಲ್ಲ, ಇಸ್ಪೀಟು ಇಲ್ಲ. ಇಂಥವರಿಗೆ ಸಾಲ ಇದೆ ಎಂದರೆ ಯಾರೂ ನಂಬುವುದಿಲ್ಲ.

ವಿಷಯ ಹೊರಗೆ ಬಿದ್ದಿದ್ದು ಅಡಿಕೆ ಕೊಯ್ಲಿನ ಹೊತ್ತಿಗೆ. ಮೂಟೆ ಇಡಲು ಜಾಗ ಮಾಡೋಣ ಎಂದು ಅಮ್ಮ ಅಟ್ಟ ಹತ್ತಿದರು. ಮೂಲೆಯಲ್ಲಿ ಟಾರ್ಪಾಲು ಮುಚ್ಚಿದ ರಟ್ಟಿನ ಪೆಟ್ಟಿಗೆಗಳು. ಒಳಗೆ ಸಾಲು ಸಾಲಾಗಿ ಪುಟ್ಟ ಕಾರುಗಳು. ಹೆಚ್ಚಿನವು ಪ್ಯಾಕ್ ಕೂಡ ಒಡೆಯದವು. ಮಲೆನಾಡಿನ ಮಳೆಗಾಲದ ಥಂಡಿಗೆ ರಟ್ಟೆಲ್ಲ ಮೆತ್ತಗಾಗಿ ಬೂಷ್ಟು ಹಿಡಿದಿತ್ತು. ಕೆಲವು ಪೆಟ್ಟಿಗೆಗಳನ್ನು ಇಲಿ ಕಡಿದಿತ್ತು. ಅಮ್ಮ ಮಗನಿಗೆ ಫೋನ್ ಮಾಡಿ, "ಎಂತದಾ ಇದು? ಅಂಗಡಿ ಇಡ್ತೀಯನಾ?" ಎಂದು ಕೇಳಿದರು. ಮಗನಿಗೆ ಏನೂ ಹೇಳಲು ಬಾಯಿ ಬರಲಿಲ್ಲ. ಅಮ್ಮ ಸೊಸೆಗೂ ಫೋನ್ ಮಾಡಿದರು. ಆ ರಾತ್ರಿ ಗಂಡನ ಫೋನಿನಲ್ಲಿ ಹಳೆಯ ಆರ್ಡರ್‌ಗಳ ಪಟ್ಟಿ ತೆಗೆದು ನೋಡಿದಾಗ ಹೆಂಡತಿಗೆ ತಲೆ ತಿರುಗಿತು. ಮೂರು ವರ್ಷದಲ್ಲಿ 412 ಆಟಿಕೆ. ಒಟ್ಟು 2,71,000 ರೂಪಾಯಿ.

ಮನೆಯ ಲೆಕ್ಕ

ಅವರಿಬ್ಬರೂ ಬಂದಾಗ ಮೊದಲು ಸಾಲಗಳನ್ನೆಲ್ಲ ಒಂದೇ ಹಾಳೆಯ ಮೇಲೆ ಬರೆಸಿದೆ. ಒಂದು ಕ್ರೆಡಿಟ್ ಕಾರ್ಡಿನಲ್ಲಿ 1,84,000. ಇನ್ನೊಂದರಲ್ಲಿ 62,000. ಮೊಬೈಲ್ ಆ್ಯಪ್ ಸಾಲ 40,000. ಹೆಂಡತಿಯ ಸರ ಅಡವಿಟ್ಟು ತೆಗೆದ ಚಿನ್ನದ ಸಾಲ 1,10,000. ಹೆಂಡತಿಯ ಅಣ್ಣನಿಗೆ ಕೊಡಬೇಕಾದ 50,000. ಒಟ್ಟು 4,46,000. ಸರ ಅಡವಿಟ್ಟಿದ್ದು ತೋಟಕ್ಕೆ ಔಷಧಿ ಹೊಡೆಸಲು ಎಂದು ಹೆಂಡತಿ ನಂಬಿದ್ದರು.

ಇಬ್ಬರ ಸಂಬಳ ಸೇರಿ ತಿಂಗಳಿಗೆ 48,000. ಬಾಡಿಗೆ, ದಿನಸಿ, ಶಾಲೆ, ಊರಿಗೆ ಕಳಿಸುವುದು ಎಲ್ಲ ಸೇರಿ 35,000. ಉಳಿಯುವುದು 13,000. ಸಾಲಗಳಿಗೆ ಕಟ್ಟಲೇಬೇಕಾದ ಕನಿಷ್ಠ ಮೊತ್ತ 18,900. ಅಂದರೆ ಒಂದು ಆಟಿಕೆಯನ್ನೂ ಕೊಳ್ಳದಿದ್ದರೂ ತಿಂಗಳಿಗೆ 5,900 ರೂಪಾಯಿ ಕೊರತೆ. ಆ ಕೊರತೆ ತುಂಬಲು ಮತ್ತೆ ಕಾರ್ಡೇ ಗತಿ.

ಕಾರ್ಡಿನ ಬಡ್ಡಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರ ಕಾರ್ಡಿಗೆ ತಿಂಗಳಿಗೆ ನೂರಕ್ಕೆ ಮೂರೂವರೆ ಬಡ್ಡಿ. 1,84,000ಕ್ಕೆ ಬಡ್ಡಿಯೇ 6,440. ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿದರೆ ಸುಮಾರು 7,600. ಅವರು ಕಟ್ಟುತ್ತಿದ್ದ ಕನಿಷ್ಠ ಮೊತ್ತ 9,200. ಅಷ್ಟು ಕಟ್ಟಿದರೂ ಅಸಲಿನಲ್ಲಿ ಕರಗುವುದು 1,600 ಮಾತ್ರ. ಜೊತೆಗೆ, ಹಳೆಯ ಬಾಕಿ ಪೂರ್ತಿ ತೀರುವ ತನಕ ಹೊಸ ಖರೀದಿಗೆ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ ಶುರು.

ನಮ್ಮ ಕಡೆಯವರಿಗೆ ಈ ಬಡ್ಡಿ ಕಣ್ಣಿಗೆ ಬೀಳದಿರಲು ಇನ್ನೊಂದು ಕಾರಣ ಇದೆ ಎಂದು ನನಗೆ ಅನ್ನಿಸುತ್ತದೆ. ಅಡಿಕೆ ಮನೆಯ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ. ಸೊಸೈಟಿಯ ಬೆಳೆ ಸಾಲ ವರ್ಷಕ್ಕೊಮ್ಮೆ ತೀರುತ್ತದೆ. ಮಂಡಿಯಲ್ಲಿ ಮುಂಗಡ ತಂದವರು ಫಸಲು ಬಂದಾಗ ಲೆಕ್ಕ ಮುಗಿಸುತ್ತಾರೆ. "ಅಡಿಕೆ ಬಂದಾಗ ನೋಡಿದ್ರಾಯ್ತು" ಎನ್ನುವ ಮಾತನ್ನು ಕೇಳುತ್ತಲೇ ಇವರು ಬೆಳೆದವರು. ಕಾರ್ಡಿನ ಲೆಕ್ಕ ಹಾಗೆ ಕಾಯುವುದಿಲ್ಲ. ಪ್ರತಿ ತಿಂಗಳೂ ಬಡ್ಡಿಯ ಮೇಲೆ ಬಡ್ಡಿ ಬೆಳೆಯುತ್ತದೆ. ಸಾಲದ್ದಕ್ಕೆ, ಕೆಲವು ವರ್ಷದಿಂದ ಎಲೆಚುಕ್ಕಿ ರೋಗ ಹೊಸನಗರ, ತೀರ್ಥಹಳ್ಳಿ ಕಡೆಯ ತೋಟಗಳನ್ನು ಹಿಂಡಿಹಾಕಿದೆ. ಅವರ ಅಪ್ಪನ ತೋಟದಲ್ಲೂ ಫಸಲು ಇಳಿದಿತ್ತು. ನೆಚ್ಚಿಕೊಂಡ ಅಡಿಕೆ ದುಡ್ಡು ಬರಲೇ ಇಲ್ಲ.

ಕೊಳ್ಳುವ ರೀತಿ

ಮೊದಲ ಕಾರು ತಂದಿದ್ದು ಮಗಳಿಗೆ. ಹಾಟ್ ವೀಲ್ಸ್ ಕಂಪನಿಯದು, ಇನ್ನೂರು ರೂಪಾಯಿ ಒಳಗೆ ಸಿಗುವಂಥದ್ದು. ಮ್ಯಾಟೆಲ್ ಕಂಪನಿ 1968ರಲ್ಲಿ ಈ ಕಾರುಗಳನ್ನು ಮಾರಲು ಶುರು ಮಾಡಿತು. 1995ರಿಂದ ಅದರಲ್ಲಿ 'ಟ್ರೆಷರ್ ಹಂಟ್' ಎಂಬ ಸಾಲು ಬಂತು. ಮಾಮೂಲಿ ಕಾರುಗಳ ನಡುವೆ ಅಲ್ಲೊಂದು ಇಲ್ಲೊಂದು ಅಪರೂಪದ ಕಾರು ಬೆರೆಸಿ ಕಳಿಸುತ್ತಾರೆ. ಗುರುತು ಗೊತ್ತಿದ್ದವರು ಅಂಗಡಿಯ ರಾಶಿ ಕೆದಕಿ ಹುಡುಕುತ್ತಾರೆ. ಇವರಿಗೆ ಎರಡನೇ ತಿಂಗಳಲ್ಲೇ ಒಂದು ಸಿಕ್ಕಿತು. "ಸಾರ್, ಅವತ್ತು ಮೈಯೆಲ್ಲ ಜುಂ ಅಂತು" ಎಂದರು. ಆಮೇಲೆ ಅಂಥದ್ದು ಸಿಕ್ಕಿದ್ದು ಎರಡೇ ಸಲ. ಸಿಗದೇ ಹೋದ ಸಲಗಳೇ ಜಾಸ್ತಿ. ಯಾವಾಗ ಸಿಗುತ್ತದೋ ಗೊತ್ತಿಲ್ಲದ ಬಹುಮಾನಕ್ಕೆ ಮನುಷ್ಯನ ಮನಸ್ಸು ಬಿಡದೆ ಅಂಟಿಕೊಳ್ಳುತ್ತದೆ. ಜೂಜಿನಲ್ಲೂ ಇದೇ ನಡೆಯುವುದು.

ಆಮೇಲೆ ದುಬಾರಿ ಮಾದರಿಗಳು, ಲಾರಿಗಳು, ಕೊನೆಗೆ ಬಸ್ಸು. ಇಲ್ಲಿ ಒಂದು ಮಾತು. ಮಲೆನಾಡಿನ ಹುಡುಗರಿಗೆ ಬಸ್ಸೆಂದರೆ ಪ್ರಾಣ. ದಿನಕ್ಕೆ ಎರಡು ಬಸ್ ಬರುವ ಊರಿನಲ್ಲಿ ಹಾರ್ನ್ ಕೇಳಿಯೇ ಯಾವ ಬಸ್ಸೆಂದು ಹೇಳುವ ಮಕ್ಕಳಿದ್ದರು. ಕೊಪ್ಪದ ಸಹಕಾರ ಸಾರಿಗೆಯನ್ನು 1991ರಿಂದ ಕಾರ್ಮಿಕರೇ ಸೇರಿ ನಡೆಸಿದರು. 2020ರಲ್ಲಿ ಅದು ನಿಂತಾಗ ಊರೂರಲ್ಲಿ ಜನ ಬೇಜಾರು ಮಾಡಿಕೊಂಡರು. ಅಂಥ ಬಸ್ಸುಗಳ ಪುಟ್ಟ ಮಾದರಿಗಳನ್ನು ಫೋಮ್ ಶೀಟ್ ಕತ್ತರಿಸಿ ಕೈಯಲ್ಲೇ ಮಾಡಿಕೊಡುವವರು ಇದ್ದಾರೆ. ಬೋರ್ಡು, ಕಿಟಕಿಯ ಸರಳು, ಹಿಂದಿನ ಏಣಿ ಎಲ್ಲ ಇದ್ದ ಹಾಗೇ. ನನಗೆ ತೋರಿಸಿದ ಒಂದರಲ್ಲಿ ಡ್ರೈವರ್ ಎದುರು ಹೂವಿನ ಹಾರವೂ ಇತ್ತು, ಬೆರಳುಗುರಿನಷ್ಟು. ಚೆಂದದ ಕೆಲಸ. ಅದಕ್ಕೆ 6,500 ಕೊಟ್ಟಿದ್ದರು. ಆ ತಿಂಗಳು ಮಗಳ ಶಾಲೆಯ ಎರಡನೇ ಕಂತು ಕಟ್ಟಿರಲಿಲ್ಲ.

ಪಾರ್ಸೆಲ್ ಬರುತ್ತಿದ್ದುದು ಅಂಗಡಿ ವಿಳಾಸಕ್ಕೆ. ಊರಿಗೆ ಹೋಗುವಾಗ ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿ ಅಟ್ಟಕ್ಕೆ ಸೇರಿಸುತ್ತಿದ್ದರು. 412ರಲ್ಲಿ 260 ತೆರೆದೇ ಇರಲಿಲ್ಲ. ಕೇಳಿದರೆ ಅವರ ಹತ್ತಿರ ಒಂದು ಸಮಾಧಾನ ಸಿದ್ಧ ಇತ್ತು. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಅದು ನಿಜ. "ಬೆಲೆ ಏರ್ತಾನೇ ಇರುತ್ತೆ, ಪ್ಯಾಕ್ ಒಡೆಯದೆ ಇಟ್ಟರೆ ಮುಂದೆ ಮಾರಬಹುದು" ಎನ್ನುತ್ತಿದ್ದರು. ಆದರೆ ಮೂರು ವರ್ಷದಲ್ಲಿ ಒಂದನ್ನೂ ಮಾರಿರಲಿಲ್ಲ.

ಹೆಂಡತಿಗೆ ಹೆಚ್ಚು ನೋವಾಗಿದ್ದು ದುಡ್ಡಿನ ವಿಷಯಕ್ಕಲ್ಲ. ಇಷ್ಟೆಲ್ಲ ಆಟಿಕೆ ತಂದ ಅಪ್ಪ ಮಗಳಿಗೆ ಕೊಟ್ಟಿದ್ದು ಆ ಮೊದಲ ಕಾರು ಒಂದನ್ನೇ. ಉಳಿದವನ್ನು ಮುಟ್ಟುವ ಮಾತಿರಲಿ, ಇವೆ ಎಂದೇ ಅವಳಿಗೆ ಗೊತ್ತಿರಲಿಲ್ಲ.

ತಾರೀಖಿನ ಪಕ್ಕ ತಾರೀಖು

ಇಂಥ ಕಡೆ ಎಲ್ಲರೂ ಕೊಡುವ ವಿವರಣೆ ಒಂದೇ: ಚಿಕ್ಕವನಿದ್ದಾಗ ಆಟಿಕೆ ಸಿಗಲಿಲ್ಲ, ಈಗ ಆಸೆ ತೀರಿಸಿಕೊಳ್ಳುತ್ತಿದ್ದಾನೆ. ಅವರ ಭಾವ, ಅಂದರೆ ಹೆಂಡತಿಯ ಅಣ್ಣನೂ ಇದನ್ನೇ ಹೇಳಿದರು. ನನಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಆಡುವ ಆಸೆ ಇದ್ದವರು ಪ್ಯಾಕ್ ಒಡೆಯುತ್ತಾರೆ ಅಲ್ವಾ?

ಹೆಂಡತಿಗೆ ಗೋಡೆ ಕ್ಯಾಲೆಂಡರಿನಲ್ಲಿ ಎಲ್ಲ ಬರೆದಿಡುವ ಅಭ್ಯಾಸ. ಹಾಲು, ಗ್ಯಾಸು, ಊರಿಗೆ ಹೋಗಿದ್ದು, ಮನೆಯಲ್ಲಿ ಜಗಳವಾಗಿದ್ದು ಸಹ. ಒಂದು ವರ್ಷದ ಆರ್ಡರ್ ಪಟ್ಟಿ, ಫೋನಿನ ಕರೆಗಳ ಪಟ್ಟಿ, ಈ ಕ್ಯಾಲೆಂಡರ್ ಮೂರನ್ನೂ ಪಕ್ಕಪಕ್ಕ ಇಟ್ಟು ಕೂತೆವು. ಆ ವರ್ಷ 64 ಆರ್ಡರ್. ಅದರಲ್ಲಿ 41 ಆಗಿದ್ದು ಯಾವುದಾದರೂ ಕೆಟ್ಟ ದಿನದ ರಾತ್ರಿ. ಸಾಲ ವಸೂಲಿಯವರ ಫೋನ್ ಬಂದ ದಿನ. ಮಾಲೀಕರು ಗದರಿದ ದಿನ. ತೋಟಕ್ಕೆ ಔಷಧಿ ಹೊಡೆಸಲು ಯಾಕೆ ಬರಲಿಲ್ಲ ಎಂದು ಅಪ್ಪ ಫೋನಿನಲ್ಲಿ ಕೂಗಾಡಿದ ದಿನ. ಹೆಚ್ಚಿನವು ರಾತ್ರಿ ಹನ್ನೊಂದರ ಮೇಲೆ. ತಿಂಗಳ ಕೊನೆಯ ವಾರದಲ್ಲಿ, ಕೈಯಲ್ಲಿ ಏನೂ ಇಲ್ಲದಾಗಲೇ ಜಾಸ್ತಿ.

ಈ ಪಟ್ಟಿ ನೋಡಿ ಅವರೇ ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಬುಕ್ ಮಾಡೋವಾಗ ಅರ್ಧ ಗಂಟೆ ತಲೆ ಖಾಲಿ ಇರುತ್ತೆ ಸಾರ್. ಫೋಟೋ ನೋಡೋದು, ಬೇರೆ ಬೇರೆ ಕಡೆ ಬೆಲೆ ನೋಡೋದು, ಒತ್ತೋದು. ಅಷ್ಟೇ ಬೇಕಾಗಿರೋದು. ಪಾರ್ಸೆಲ್ ಬಂದರೆ ಹೊಟ್ಟೆ ತೊಳೆಸಿದ ಹಾಗಾಗುತ್ತೆ."

ನಾನು ಈ ಪ್ರಕರಣವನ್ನು ಬರೆಯುತ್ತಿರುವುದೇ ಈ ಮಾತಿಗಾಗಿ. ದುಡ್ಡಿನ ಕಷ್ಟ ಇದ್ದರೂ ಕೊಳ್ಳುತ್ತಾನಲ್ಲ ಎಂದು ಮನೆಯವರು ಬೈಯುತ್ತಿದ್ದರು. ಅವರು ಕೊಳ್ಳುತ್ತಿದ್ದುದೇ ದುಡ್ಡಿನ ಕಷ್ಟದಿಂದ. ಸಾಲದ ಭಯ ತಡೆಯಲಾಗದೆ ಕೊಳ್ಳುವುದು, ಕೊಂಡ ನಾಚಿಕೆಗೆ ಬಚ್ಚಿಡುವುದು, ಬಚ್ಚಿಡಲು ಮತ್ತೆ ಸಾಲ, ಮತ್ತೆ ಭಯ. ಹೀಗಿರುವಾಗ "ನಿನಗೆ ಬುದ್ಧಿ ಇಲ್ವಾ" ಎಂದು ಬೈದರೆ ಭಯ, ನಾಚಿಕೆ ಎರಡೂ ಇಮ್ಮಡಿ. ಬೈಗುಳ ತಿಂದ ರಾತ್ರಿಯೇ ಇನ್ನೊಂದು ಆರ್ಡರ್ ಹೋಗಿದ್ದನ್ನು ಆ ಪಟ್ಟಿಯಲ್ಲೇ ನೋಡಿದೆವು.

ಇನ್ನೊಂದು ಸಂಗತಿಯೂ ಆಗ ಗೊತ್ತಾಯಿತು. ಎರಡು ವರ್ಷದ ಹಿಂದೆ ಭಾವ 90,000 ಕೊಟ್ಟು ಕಾರ್ಡಿನ ಬಾಕಿ ಪೂರ್ತಿ ತೀರಿಸಿದ್ದರು. ಒಳ್ಳೆಯ ಮನಸ್ಸಿನಿಂದಲೇ. ಆದರೆ ಕಾರ್ಡು ಹಾಗೇ ಉಳಿಯಿತು. ಬಾಕಿ ಸೊನ್ನೆಯಾದ ಕೂಡಲೇ ಮಿತಿ ಪೂರ್ತಿ ತೆರೆಯಿತು. ಏಳೇ ತಿಂಗಳಲ್ಲಿ 70,000 ಮತ್ತೆ ಏರಿತ್ತು. ಸಾಲ ತೀರಿಸಿಕೊಟ್ಟು ಕಾರ್ಡನ್ನು ಕೈಯಲ್ಲೇ ಬಿಡುವುದು ಇಂಥವರಿಗೆ ಸಹಾಯ ಆಗುವುದಿಲ್ಲ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ವೈದ್ಯರ ಹತ್ತಿರ

ಲೆಕ್ಕ ಬಿಡಿಸುವುದು ನನ್ನ ಕೆಲಸ. ಮನಸ್ಸಿನ ಕೆಲಸಕ್ಕೆ ವೈದ್ಯರೇ ಬೇಕು. ಹೋಗೋಣ ಎಂದಾಗ ಅವರು ಮೊದಲು ಹಿಂಜರಿದರು, "ನನಗೇನು ಹುಚ್ಚಾ ಸಾರ್" ಎಂದರು. ಆದರೆ ಶಿವಮೊಗ್ಗದಲ್ಲಿ ಈ ಮಾತು ಬೇರೆ ಕಡೆಯಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ಡಾ. ಅಶೋಕ್ ಪೈ ದಶಕಗಳ ಕಾಲ ಇಲ್ಲೇ ಮನೋವೈದ್ಯರಾಗಿದ್ದರು. ಪತ್ರಿಕೆಗಳಲ್ಲಿ ಬರೆದರು, ಸಿನಿಮಾಗಳನ್ನೂ ತಂದರು. ಮನಸ್ಸಿಗೂ ಕಾಯಿಲೆ ಬರುತ್ತದೆ, ವಾಸಿಯೂ ಆಗುತ್ತದೆ ಎಂಬುದನ್ನು ಈ ಜಿಲ್ಲೆಯ ಮನೆಮನೆಗೆ ಮುಟ್ಟಿಸಿದರು. ಅಟ್ಟ ಹತ್ತಿದ್ದ ಅಮ್ಮನೇ ಮಗನಿಗೆ "ಹೋಗಿ ಬಾ, ಎಂತ ಆಗ್ತದೆ" ಎಂದರು. ಇಲ್ಲಿನ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯಲ್ಲೂ ಮನೋವೈದ್ಯ ವಿಭಾಗ ಇದೆ, ದುಡ್ಡಿಲ್ಲ ಎಂದು ಯಾರೂ ಹಿಂದೆ ಸರಿಯಬೇಕಿಲ್ಲ.

ಕೊಳ್ಳುವ ಚಟವನ್ನು ಜರ್ಮನಿಯ ಮನೋವೈದ್ಯ ಎಮಿಲ್ ಕ್ರೇಪೆಲಿನ್ ನೂರು ವರ್ಷಕ್ಕೂ ಹಿಂದೆಯೇ ಗುರುತಿಸಿದ್ದರು. ಇಷ್ಟಾದರೂ ಅಮೆರಿಕದ ಮನೋವೈದ್ಯರು 2013ರಲ್ಲಿ ತಂದ ಡಿಎಸ್‌ಎಂ-5 ಎಂಬ ಮನೋರೋಗಗಳ ಕೈಪಿಡಿಯಲ್ಲಿ ಇದಕ್ಕೆ ಪ್ರತ್ಯೇಕ ಜಾಗ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11, 2022ರಲ್ಲಿ ಜಾರಿಗೆ ಬಂದಿದ್ದು, ಹಠಾತ್ತನೆ ಬರುವ ಬಯಕೆಯನ್ನು ತಡೆಯಲಾಗದ ತೊಂದರೆಗಳ ಗುಂಪಿನಲ್ಲಿ ಇದನ್ನು ಉದಾಹರಣೆಯಾಗಿ ಸೇರಿಸಿಕೊಂಡಿದೆ.

ವೈದ್ಯರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಬರೆಯಬೇಕು, ಬೇರೆಯವರಿಗೂ ಬೇಕಾಗಬಹುದು. ನಿದ್ದೆಯೇ ಬೇಡ ಎನ್ನಿಸಿ, ವಿಪರೀತ ಹುರುಪು ಬಂದು, ಎಲ್ಲದಕ್ಕೂ ನೀರಿನ ಹಾಗೆ ದುಡ್ಡು ಸುರಿಯುವ ದಿನಗಳು ಇದ್ದವೇ? ಇದ್ದರೆ ಅದು ಬೈಪೋಲಾರ್ ಕಾಯಿಲೆ ಇರಬಹುದು, ಅದರ ಚಿಕಿತ್ಸೆ ಬೇರೆ. ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ? ಅದರಲ್ಲಿ ಕೆಲವು ಮಾತ್ರೆಗಳು ಜೂಜು, ಖರೀದಿಯ ಹುಚ್ಚು ಹತ್ತಿಸಬಲ್ಲವು. ಇವರಿಗೆ ಎರಡೂ ಇರಲಿಲ್ಲ. ಇದ್ದಿದ್ದು ಖಿನ್ನತೆ, ಬಹಳ ದಿನದಿಂದ. ಅದಕ್ಕೆ ಮಾತ್ರೆ ಕೊಟ್ಟರು. ಖರೀದಿಯ ಚಟಕ್ಕೆಂದೇ ಇರುವ ಮಾತ್ರೆ ಇಲ್ಲ. ಕೆಲಸಕ್ಕೆ ಬರುವುದು ಆಪ್ತಸಮಾಲೋಚನೆ. ಯಾವ ಯೋಚನೆ ಬಂದಾಗ ಕೈ ಫೋನಿಗೆ ಹೋಗುತ್ತದೆ, ಆ ಹೊತ್ತಿನಲ್ಲಿ ಬೇರೆ ಏನು ಮಾಡಬಹುದು ಎಂದು ವಾರವಾರ ಕೂತು ಅಭ್ಯಾಸ ಮಾಡಿಸುತ್ತಾರೆ. ವೈದ್ಯರನ್ನು ನೋಡಲು ಧೈರ್ಯ ಸಾಲದವರು 14416ಕ್ಕೆ ಫೋನ್ ಮಾಡಬಹುದು. 2022ರಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಸಾಲ ಕಟ್ಟುವ ದಾರಿ

ಮೊದಲು ವಸೂಲಿಯ ಫೋನುಗಳಿಗೆ ಒಂದು ಮಿತಿ ಹಾಕಬೇಕಿತ್ತು, ಯಾಕೆಂದರೆ ಅವೇ ಆರ್ಡರಿಗೆ ಕಿಡಿ ಹಚ್ಚುತ್ತಿದ್ದುದು. ವಸೂಲಿಯವರು ಬೆಳಿಗ್ಗೆ 8ಕ್ಕಿಂತ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವ ಹಾಗಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಇವರಿಗೆ ರಾತ್ರಿ ಒಂಬತ್ತಕ್ಕೂ ಬರುತ್ತಿತ್ತು. ತಾರೀಖು, ಸಮಯ ಬರೆದು ಸಾಲ ಕೊಟ್ಟವರಿಗೆ ಲಿಖಿತ ದೂರು ಕಳಿಸಿದೆವು. ರಾತ್ರಿ ಫೋನ್ ನಿಂತಿತು. ನಿಲ್ಲದಿದ್ದರೆ ಇಂಥ ದೂರು ವಿಚಾರಿಸುವ ಅಧಿಕಾರಿಗೆ, ಅಂದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು, ವಿಚಾರಿಸಲು 14448 ಇದೆ.

ಆಟಿಕೆಗಳಲ್ಲಿ ಕೆಡದೆ ಉಳಿದಿದ್ದ 190ನ್ನು ಸಂಗ್ರಹಕಾರರಿಗೆ ಮಾರಿದರು. ಬಂದಿದ್ದು 38,000. ರಟ್ಟಿಗೆ ಬೂಷ್ಟು ಬಂದಿದ್ದಕ್ಕೆ ಅರ್ಧ ಬೆಲೆಯೂ ಸಿಗಲಿಲ್ಲ. ಮುಂದೆ ಮಾರಿದರೆ ಲಾಭ ಎಂಬ ಮಾತು ಅಲ್ಲಿಗೆ ಮುಗಿಯಿತು. ಅದಕ್ಕೆ 2,000 ಸೇರಿಸಿ ಆ್ಯಪ್ ಸಾಲ ಪೂರ್ತಿ ತೀರಿಸಿದೆವು.

ಎರಡು ಕಾರ್ಡಿನ 2,46,000ಕ್ಕೆ ಒಂದು ಪತ್ತಿನ ಸಹಕಾರ ಸಂಘದಲ್ಲಿ ಶೇ 14ರ ಬಡ್ಡಿಗೆ ಮೂರು ವರ್ಷದ ಸಾಲ ಸಿಕ್ಕಿತು. ಕಂತು ಸುಮಾರು 8,400. ಜಾಮೀನು ಭಾವನದೇ. ಈ ಸಲ ಅವರು ಷರತ್ತು ಹಾಕಿದರು: ಎರಡೂ ಕಾರ್ಡು ಮುಚ್ಚಿ, ಬಾಕಿ ಇಲ್ಲ ಎಂಬ ಪತ್ರ ತಂದು ತೋರಿಸಬೇಕು. ತೋರಿಸಿದರು. ಒಂದು ಕಾರ್ಡಿನವರು ಕಡಿಮೆ ಮೊತ್ತಕ್ಕೆ ಸೆಟಲ್ಮೆಂಟ್ ಮಾಡೋಣ ಎಂದಿದ್ದರು. ಬೇಡ ಎಂದೆ. ಹಾಗೆ ಮುಗಿಸಿದರೆ ನಮ್ಮ ಸಾಲದ ಚರಿತ್ರೆ ಇಡುವ ಸಿಬಿಲ್ ದಾಖಲೆಯಲ್ಲಿ 'ಸೆಟಲ್ಡ್' ಎಂದು ಉಳಿಯುತ್ತದೆ, ಮುಂದೆ ಮನೆ ಸಾಲಕ್ಕೆ ಹೋದಾಗ ಅಡ್ಡಿಯಾಗುತ್ತದೆ.

ಈಗ 13,000ದಲ್ಲಿ 8,400 ಕಂತು, ಚಿನ್ನದ ಸಾಲದ ಬಡ್ಡಿಗೆ 1,000, ಭಾವನಿಗೆ 2,000. ಉಳಿಯುವ 1,600 ತುರ್ತಿಗೆ. ಬಿಗಿ ಲೆಕ್ಕ, ಆದರೆ ಕೊರತೆ ಇಲ್ಲ. ಸಂಬಳ ಹೆಂಡತಿಯೂ ನೋಡಬಹುದಾದ ಜಂಟಿ ಖಾತೆಗೆ ಬರುತ್ತದೆ. ಖರೀದಿ ಆ್ಯಪ್‌ಗಳಲ್ಲಿ ಉಳಿಸಿಟ್ಟಿದ್ದ ಕಾರ್ಡ್ ವಿವರ ಅಳಿಸಿದ್ದಾರೆ. ಆಟಿಕೆ ಮಾರಾಟದ ಗುಂಪುಗಳಿಂದ ಹೊರಬಂದಿದ್ದಾರೆ. ರಾತ್ರಿ ಹತ್ತಕ್ಕೆ ಫೋನನ್ನು ನಡುಮನೆಯಲ್ಲಿ ಇಟ್ಟುಬಿಡುತ್ತಾರೆ.

ಒಂದು ವಿಷಯದಲ್ಲಿ ಮನೆಯಲ್ಲಿ ವಾದ ನಡೆಯಿತು. ಇನ್ನು ಮುಂದೆ ಒಂದು ಆಟಿಕೆಯೂ ಬೇಡ ಎಂದು ಹೆಂಡತಿ ಹಠ ಹಿಡಿದರು. ಅವರ ಸಿಟ್ಟು ನ್ಯಾಯವಾದದ್ದೇ. ಸಮಾಲೋಚಕರು ಬೇರೆ ದಾರಿ ಹೇಳಿದರು, ನನಗೂ ಅದೇ ಸರಿ ಅನ್ನಿಸಿತು. ತಿಂಗಳಿಗೆ 300 ರೂಪಾಯಿ, ನಗದು. ಮಗಳನ್ನು ಕರೆದುಕೊಂಡು ಗಾಂಧಿ ಬಜಾರಿಗೆ ಹೋಗಿ ಕೊಳ್ಳಬೇಕು. ಮನೆಗೆ ಬಂದ ಕೂಡಲೇ ಪ್ಯಾಕ್ ಒಡೆದು ಆಡಬೇಕು. ಹೆಂಡತಿ ಎರಡು ದಿನ ಯೋಚಿಸಿ ಒಪ್ಪಿದರು. "ರೀ, ದುಡ್ಡು ಹೋಗ್ಲಿ, ಇನ್ಮೇಲೆ ಬಚ್ಚಿಡ್ಬೇಡಿ" ಎಂದಷ್ಟೇ ಹೇಳಿದರು.

ದಾರಿ ನೇರವಾಗಿ ಏನೂ ಸಾಗಿಲ್ಲ. ಹಬ್ಬದ ರಿಯಾಯಿತಿ ಬಂದಾಗ, ಅಪ್ಪನ ಜೊತೆ ಜಗಳವಾದ ರಾತ್ರಿ, 3,200ರ ಒಂದು ಲಾರಿ ಬುಕ್ ಮಾಡಿಬಿಟ್ಟರು. ಈ ಸಲ ಅರ್ಧ ಗಂಟೆಯಲ್ಲೇ ಹೆಂಡತಿಯನ್ನು ಎಬ್ಬಿಸಿ ಹೇಳಿದರು. ಇಬ್ಬರೂ ಕೂತು ಆರ್ಡರ್ ರದ್ದು ಮಾಡಿದರು. ಹೆಂಡತಿ ಬೈಯಲಿಲ್ಲ, ಕಾಫಿ ಮಾಡಿಕೊಟ್ಟರಂತೆ. ಮೂರು ವರ್ಷದಲ್ಲಿ ಮೊದಲ ಸಲ ಆ ಮನೆಯಲ್ಲಿ ಒಂದು ಖರೀದಿ ಅದೇ ದಿನ ಬಾಯಿಬಿಟ್ಟು ಹೇಳಿದ್ದು ಅದು. ನನ್ನ ಲೆಕ್ಕದಲ್ಲಿ ಆ ರಾತ್ರಿ ಸೋಲಿನ ಸಾಲಿಗೆ ಸೇರುವುದಿಲ್ಲ.

ಅಪ್ಪನಿಗೆ ಸಾಲದ ಪೂರ್ತಿ ವಿವರ ಇನ್ನೂ ಹೇಳಿಲ್ಲ. ತೋಟಕ್ಕೆ ಯಾರು ನಿಲ್ಲುವುದು ಎಂಬ ಜಗಳವೂ ಹಾಗೇ ಇದೆ. ಅದು ಬಗೆಹರಿಯದೆ ಆ ಕೆಟ್ಟ ರಾತ್ರಿಗಳು ಪೂರ್ತಿ ನಿಲ್ಲುವುದು ಕಷ್ಟ ಎಂದು ಸಮಾಲೋಚಕರೂ ಹೇಳುತ್ತಾರೆ. ಈ ಸಲದ ಅಡಿಕೆ ಮಾರಿ ಬಂದ ದುಡ್ಡಿನಲ್ಲಿ ಸರ ಬಿಡಿಸಿಕೊಡುತ್ತೇನೆ ಎಂದು ಅಮ್ಮ ಹೇಳಿದ್ದಾರೆ. ದುಡ್ಡನ್ನು ಮಗನ ಕೈಗೆ ಕೊಡದೆ, ಸೊಸೆಯ ಜೊತೆ ತಾವೇ ಚಿನ್ನದ ಸಾಲದ ಕೌಂಟರಿಗೆ ಹೋಗಿ ಕಟ್ಟುವುದು ಎಂದು ಮಾತಾಗಿದೆ. ಮಗನೂ ಅದಕ್ಕೆ ಒಪ್ಪಿದ್ದಾರೆ. ಅದಕ್ಕೆ ಮುಂಚೆ ಒಂದು ಭಾನುವಾರ ಊರಿಗೆ ಹೋಗಿ ಅಪ್ಪನಿಗೆ ಆ ಸಾಲದ ಹಾಳೆ ತೋರಿಸಬೇಕು. ನೀವೂ ಜೊತೆಗೆ ಬನ್ನಿ ಎಂದು ಕರೆದಿದ್ದಾರೆ, ಹೋಗುತ್ತಿದ್ದೇನೆ.